ಪ್ರಶ್ನೋತ್ತರ: ಹಳೆಯ ಕಂಪ್ಯೂಟರುಗಳ ಆರೈಕೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಬ್ಯಾಟರಿ ಸೋರಿಕೆಯದೇ ದೊಡ್ಡ ಪಾಲು. ಅದಕ್ಕೇ ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ. ಒಂದು ಮಾತು ಮಾತ್ರ ಎಲ್ಲರಿಗೂ ಸೇರಿದ್ದು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ನೇರ ಕರೆಂಟ್ ಕೊಟ್ಟು 'ಓಡುತ್ತದಾ ನೋಡೋಣ' ಅನ್ನಬೇಡಿ. ಮುಚ್ಚಳ ತೆಗೆದು ಒಳಗೆ ಕಣ್ಣಾಡಿಸಿ, ಬ್ಯಾಟರಿ ತೆಗೆದುಹಾಕಿ, ಪವರ್ ಸಪ್ಲೈ ಅಳೆದು ನೋಡಿ. ಸ್ವಿಚ್ ಆಮೇಲೆ.

ಪ್ರಶ್ನೆ: ನನ್ನ ಹಳೆ 486 ಪಿಸಿಯ ಮದರ್‌ಬೋರ್ಡಿನಲ್ಲಿ ಕೀಬೋರ್ಡ್ ಸಾಕೆಟ್ಟಿನ ಪಕ್ಕ ಇರುವ ಉರುಳೆಯಾಕಾರದ ನೀಲಿ ಬ್ಯಾಟರಿ ಸೋರಿ ಸುತ್ತ ಹಸಿರು ಪುಡಿ ಕಟ್ಟಿದೆ. ಪರದೆ ಬರುತ್ತದೆ, ಮೆಮೊರಿ ಎಣಿಸುತ್ತದೆ, 'ಕೀಬೋರ್ಡ್ ಎರರ್' ಎಂದು ನಿಂತುಬಿಡುತ್ತದೆ. ಅಡುಗೆ ಸೋಡಾ ಹಾಕಿ ತಿಕ್ಕಿದ್ದೇನೆ. ಮುಂದೇನು?

ಉತ್ತರ: ಸೋಡಾ ಇಲ್ಲಿ ಕೆಲಸಕ್ಕೆ ಬಾರದು. ಆ ಉರುಳೆ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದರಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಸೋಡಾ ಕೂಡ ಕ್ಷಾರವೇ. ಕಾರಿನ ಬ್ಯಾಟರಿಯ ಆಮ್ಲಕ್ಕೆ ಹೇಳಿದ ಮದ್ದನ್ನು ಇದಕ್ಕೂ ಹಚ್ಚುವವರು ಬಹಳ. ಬೇಕಾದದ್ದು ಬಿಳಿ ವಿನೆಗರ್, 5 ಶೇಕಡದ್ದು ಸಾಕು.

ಮೊದಲು ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಟ್ರೇಸ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಕಿತ್ತುಹೋದರೆ ಅದೇ ನಕ್ಷೆ. ಬ್ಯಾಟರಿಯ ಕಾಲುಗಳನ್ನು ಕಟ್ಟರ್‌ನಿಂದ ಕತ್ತರಿಸಿ ತೆಗೆಯಿರಿ. ಎಳೆದು ಕಿತ್ತರೆ ಕೊಳೆತ ಪ್ಯಾಡು (ಕಾಲನ್ನು ಬೆಸೆದ ತಾಮ್ರದ ಬಿಲ್ಲೆ) ಅದರ ಜೊತೆಗೇ ಬರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ವಿನೆಗರ್ ಹಚ್ಚಿ. ನೊರೆ ಬರುತ್ತದೆ. ಐದು ನಿಮಿಷ ಬಿಟ್ಟು ತಿಕ್ಕಿ, ನೊರೆ ನಿಲ್ಲುವ ತನಕ ಮತ್ತೆ ಹಚ್ಚಿ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು, 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ನೀರನ್ನು ಹೊರಗೋಡಿಸಿ, ಒಂದು ದಿನ ಒಣಗಲು ಬಿಡಿ. ವಿನೆಗರನ್ನು ತೊಳೆಯದೆ ಬಿಟ್ಟರೆ ಅದೂ ತಾಮ್ರವನ್ನು ತಿನ್ನುತ್ತದೆ.

ಇನ್ನು ನಿಜವಾದ ಕೆಲಸ. ಹಸಿರು ಲೇಪದ ಕೆಳಗೆ ಕಪ್ಪಾಗಿರುವ ಟ್ರೇಸುಗಳನ್ನು ಫೈಬರ್‌ಗ್ಲಾಸ್ ಪೆನ್ನಿನಿಂದ ತಾಮ್ರ ಹೊಳೆಯುವ ತನಕ ಕೆರೆಯಿರಿ. ಕಪ್ಪು ಉಳಿದರೆ ತುಕ್ಕು ಒಳಗೊಳಗೇ ಮುಂದುವರಿಯುತ್ತದೆ. ಕ್ಷಾರ ತಿಂದ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ, ಕಾದ ಕಬ್ಬಿಣ ಒತ್ತಿದರೂ ಕರಗುವುದಿಲ್ಲ. ಆಗ ಉಷ್ಣತೆ ಏರಿಸಬೇಡಿ, ಪ್ಯಾಡು ಏಳುತ್ತದೆ. ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಹಚ್ಚಿ 60/40 ಸೀಸದ ಬೆಸುಗೆಯನ್ನು ಅದರ ಮೇಲೆ ಸೇರಿಸಿ, ಹಳೆಯದು ಹೊಸದರ ಜೊತೆ ಕರಗಿ ಬರುತ್ತದೆ. ಕೀಬೋರ್ಡ್ ಸಾಕೆಟ್ಟಿನ ಬುಡದಲ್ಲಿ ಪುಡಿ ಕಂಡರೆ ಅದನ್ನು ಕಳಚದೆ ವಿಧಿಯಿಲ್ಲ.

ಈಗ ನಿಮ್ಮ ಎರರ್. ಐದು ಪಿನ್ನಿನ ದೊಡ್ಡ ಸಾಕೆಟ್ಟಿನಲ್ಲಿ 1 ಕ್ಲಾಕ್, 2 ಡೇಟಾ, 4 ನೆಲ, 5 ಐದು ವೋಲ್ಟ್. ಪಿನ್ನುಗಳು ಸಾಲಾಗಿ 1, 4, 2, 5, 3 ಎಂದು ಬರುತ್ತವೆ, ಎಡವಬೇಡಿ. ಕರೆಂಟ್ ಕೊಟ್ಟು 4 ಮತ್ತು 5ರ ನಡುವೆ ಅಳೆಯಿರಿ. ಐದು ವೋಲ್ಟ್ ಇಲ್ಲದಿದ್ದರೆ ಸಾಕೆಟ್ಟಿನ ಪಕ್ಕದ ಪುಟ್ಟ ಫ್ಯೂಸ್ ಅಥವಾ ಅಲ್ಲಿಗೆ ಬರುವ ಟ್ರೇಸ್ ಹೋಗಿದೆ. ಇದ್ದರೆ ಕರೆಂಟ್ ತೆಗೆದು, ಸಾಕೆಟ್ಟಿನ 1ರಿಂದ 40 ಕಾಲಿನ ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ 1ನೇ ಕಾಲಿಗೆ, 2ರಿಂದ 39ನೇ ಕಾಲಿಗೆ ಸಂಪರ್ಕ ಇದೆಯೇ ನೋಡಿ. ಮಧ್ಯೆ ಫೆರೈಟ್ ಅಥವಾ ಸಣ್ಣ ರೆಸಿಸ್ಟರ್ ಇರುವುದರಿಂದ ಮೀಟರು ಪೂರ್ತಿ ಸೊನ್ನೆ ತೋರಿಸದಿದ್ದರೂ ಪರವಾಗಿಲ್ಲ. ಸಂಪರ್ಕವೇ ಇಲ್ಲವೆಂದರೆ 30 ಗೇಜಿನ ತೆಳು ತಂತಿಯನ್ನು ಹಳೆ ಟ್ರೇಸಿನ ದಾರಿಯಲ್ಲೇ ಬೆಸೆಯಿರಿ. ಬೋರ್ಡಿನ ಒಂದು ಪದರದಿಂದ ಇನ್ನೊಂದಕ್ಕೆ ಹೋಗುವ ವಯಾ ತೂತುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತವೆ, ಒಳಗೆ ಟೊಳ್ಳು.

ಅದೇ ಜಾಗಕ್ಕೆ ಮತ್ತೆ ಉರುಳೆ ಬ್ಯಾಟರಿ ಹಾಕಬೇಡಿ. ಬೋರ್ಡಿನಲ್ಲಿ ಹೊರ ಬ್ಯಾಟರಿಗೆಂದು ನಾಲ್ಕು ಪಿನ್ನಿನ ಜಾಗ ಇದ್ದರೆ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ತುಂಡು) ಬದಲಿಸಿ ಅದಕ್ಕೆ ಮೂರು ಎಎ ಸೆಲ್‌ಗಳ ಹೋಲ್ಡರ್ ಕೊಟ್ಟು ಬೋರ್ಡಿನಿಂದ ದೂರ ಇಡಿ. ಸಿಆರ್2032 ಹಾಕುವುದಾದರೆ ಚಾರ್ಜಿಂಗ್ ಕರೆಂಟ್ ಅದಕ್ಕೆ ಹೋಗಲೇಬಾರದು. ಧನ ತುದಿಯಲ್ಲಿ ಒಂದು 1ಎನ್4148 ಡಯೋಡ್, ಗೆರೆಯಿರುವ ತುದಿ ಬೋರ್ಡಿನ ಕಡೆಗೆ. ಈ ಬ್ಯಾಟರಿ ನಡೆಸುವ ಗಡಿಯಾರ ಎಳೆಯುವುದು ಕೆಲವೇ ಮೈಕ್ರೋ ಆಂಪಿಯರ್ ಆದ್ದರಿಂದ ಡಯೋಡ್ ಅರ್ಧ ವೋಲ್ಟಿಗಿಂತ ಹೆಚ್ಚು ನುಂಗುವುದಿಲ್ಲ. ಷಾಟ್ಕಿ ಡಯೋಡ್ ಇನ್ನೂ ಕಡಿಮೆ ನುಂಗುತ್ತದೆ ಎಂದು 1ಎನ್5817 ಸೂಚಿಸುವವರಿದ್ದಾರೆ. ಅದರ ಹಿಮ್ಮುಖ ಸೋರಿಕೆ ಹೆಚ್ಚು, ಲಿಥಿಯಂ ನಾಣ್ಯ ಬ್ಯಾಟರಿಯ ಮಟ್ಟಿಗೆ ನಮಗೆ ಅದು ಒಪ್ಪಿಗೆಯಿಲ್ಲ.

ಪ್ರಶ್ನೆ: ನನ್ನ ಬೋರ್ಡಿನಲ್ಲಿ ಬ್ಯಾಟರಿಯೇ ಕಾಣುವುದಿಲ್ಲ. ಆದರೂ ದಿನಾಂಕ ಮತ್ತು ಹಾರ್ಡ್ ಡಿಸ್ಕ್ ಸೆಟ್ಟಿಂಗ್ ಪ್ರತಿ ಸಲ ಅಳಿಸಿಹೋಗುತ್ತವೆ. ಡಿಎಸ್12887 ಎಂದು ಬರೆದ ದಪ್ಪ ಕಪ್ಪು ಚಿಪ್ಪೊಂದಿದೆ.

ಉತ್ತರ: ಬ್ಯಾಟರಿ ಆ ಚಿಪ್ಪಿನ ಹೊಟ್ಟೆಯೊಳಗೇ ಇದೆ. ಡಲ್ಲಾಸ್ ಕಂಪನಿ ಗಡಿಯಾರ, ಹರಳು, ಲಿಥಿಯಂ ಸೆಲ್ ಮೂರನ್ನೂ ಸೇರಿಸಿ ಎಪಾಕ್ಸಿ ಎರೆದು ಮುಚ್ಚಿತ್ತು. ಹತ್ತು ವರ್ಷಕ್ಕೆಂದು ಮಾಡಿದ್ದು, ಅದರ ಕಾಲ ಎಂದೋ ಮುಗಿದಿದೆ. ಚಿಪ್ ಸಾಕೆಟ್ಟಿನಲ್ಲಿದ್ದರೆ ನಾಣ್ಯ ಬ್ಯಾಟರಿ ಹೋಲ್ಡರ್ ಇರುವ ಬದಲಿ ಪುಟ್ಟ ಬೋರ್ಡ್ ಕೂರಿಸುವುದೇ ಸಲೀಸು. ಹಳೆ ಚಿಪ್ಪನ್ನೇ ಉಳಿಸಿಕೊಳ್ಳುವ ಹಟ ಇದ್ದರೆ ದಾರಿ ಹೀಗೆ. ಸೆಲ್ಲಿಗೆ ಹೋಗುವ 16 (ಋಣ) ಮತ್ತು 20 (ಧನ) ಕಾಲುಗಳು ಕೆಳಗೆ ಚಾಚದೆ ಮೇಲಕ್ಕೆ ಬಾಗಿ ಎಪಾಕ್ಸಿಯೊಳಗೆ ಹೋಗಿರುತ್ತವೆ. ಆ ಎರಡು ಜಾಗದಲ್ಲಿ ಪಕ್ಕದಿಂದ ಎಪಾಕ್ಸಿ ಕೆರೆದು ಲೋಹ ಕಾಣಿಸಿ. ಮೂಗಿಗೆ ಮಾಸ್ಕ್ ಇರಲಿ. 20ನೇ ಕಾಲನ್ನು ಅಡ್ಡ ಕತ್ತರಿಸಿ ಸತ್ತ ಸೆಲ್ಲನ್ನು ಬೇರ್ಪಡಿಸಿ, ಚಿಪ್ಪಿನ ಕಡೆ ಉಳಿದ ಕೆಳ ತುಂಡಿಗೆ ಸಿಆರ್2032ರ ಧನ ತುದಿಯನ್ನೂ 16ಕ್ಕೆ ಋಣ ತುದಿಯನ್ನೂ ಬೆಸೆಯಿರಿ. ಕತ್ತರಿಸದೆ ಮೇಲೆ ಬೆಸೆದರೆ ಸತ್ತ ಸೆಲ್ ಹೊಸದನ್ನು ತಿಂಗಳೊಪ್ಪತ್ತಿನಲ್ಲಿ ಹೀರಿಬಿಡುತ್ತದೆ.

ಸನ್ ಕಂಪನಿಯ ಹಳೆ ಸ್ಪಾರ್ಕ್‌ಸ್ಟೇಷನ್ ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಅಲ್ಲಿ ಇದೇ ಜಾತಿಯ ಎಂ48ಟಿ02 ಚಿಪ್ಪಿನಲ್ಲಿ ಗಡಿಯಾರದ ಜೊತೆಗೆ ಹೋಸ್ಟ್ ಐಡಿ (ಯಂತ್ರದ ಗುರುತು ಸಂಖ್ಯೆ) ಮತ್ತು ಈಥರ್‌ನೆಟ್ ವಿಳಾಸವೂ ಕೂತಿರುತ್ತವೆ. ಸೆಲ್ ಸತ್ತರೆ ವಿಳಾಸವೆಲ್ಲ ಎಫ್ ಅಕ್ಷರಗಳಾಗಿ, ಐಡಿಪ್ರಾಮ್ (ಈ ಗುರುತುಗಳಿರುವ ಜಾಗ) ಸರಿಯಿಲ್ಲ ಎಂಬ ದೂರು ಪರದೆಗೆ ಬರುತ್ತದೆ. ಇನ್ನೂ ಬದುಕಿರುವ ಯಂತ್ರವಾದರೆ ಇಂದೇ ಓಕೆ ಪ್ರಾಂಪ್ಟಿನಲ್ಲಿ ಬ್ಯಾನರ್ ಆಜ್ಞೆ ಕೊಟ್ಟು, 8:0:20ರಿಂದ ಶುರುವಾಗುವ ಆ ವಿಳಾಸವನ್ನೂ ಹೋಸ್ಟ್ ಐಡಿಯನ್ನೂ ಕಾಗದದ ಮೇಲೆ ಬರೆದು ಪೆಟ್ಟಿಗೆಯೊಳಗೆ ಅಂಟಿಸಿ. ಆಮೇಲೆ ಎಂಕೆಪಿ ಆಜ್ಞೆಯಿಂದ ಮತ್ತೆ ಬರೆಯಬಹುದು.

ಪ್ರಶ್ನೆ: ಬಿಬಿಸಿ ಮೈಕ್ರೋ (ಎಂಬತ್ತರ ದಶಕದ ಮನೆ ಕಂಪ್ಯೂಟರ್) ಆನ್ ಮಾಡಿ ಹತ್ತು ನಿಮಿಷಕ್ಕೆ ಪವರ್ ಸಪ್ಲೈಯಿಂದ ಪಟ್ ಎಂದು ಸದ್ದು, ದಟ್ಟ ಹೊಗೆ, ತಡೆಯಲಾರದ ವಾಸನೆ. ಆದರೆ ಪರದೆಯ ಮೇಲಿನ ಪ್ರೋಗ್ರಾಂ ಓಡುತ್ತಲೇ ಇತ್ತು! ಇದು ಹೇಗೆ?

ಉತ್ತರ: ಸುಟ್ಟದ್ದು ಮೇನ್ಸ್ ಫಿಲ್ಟರ್ ಕೆಪಾಸಿಟರ್. ವಿದ್ಯುತ್ ಗದ್ದಲ ಸೋಸುವುದಷ್ಟೇ ಅದರ ಕೆಲಸ, ಅದಿಲ್ಲದೆಯೂ ಸಪ್ಲೈ ನಡೆಯುತ್ತದೆ. ಆ ಕಾಲದ ರಿಫಾ ಕೆಪಾಸಿಟರುಗಳು ಲೋಹಲೇಪಿತ ಕಾಗದದವು. ಪಾರದರ್ಶಕ ಹೊದಿಕೆ ವರ್ಷಗಳಲ್ಲಿ ಸೀಳಿ ಕಾಗದ ತೇವ ಹೀರುತ್ತದೆ. ಬದಲಿಗೆ ಅಷ್ಟೇ ಮೈಕ್ರೋ ಫ್ಯಾರಡಿನ, ಎಕ್ಸ್2 ಗುರುತಿನ, 275 ವೋಲ್ಟ್ ಎಸಿಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಬಿಬಿಸಿ ಮೈಕ್ರೋದಲ್ಲಿ 0.1 ಮತ್ತು 0.01 ಮೈಕ್ರೋ ಫ್ಯಾರಡಿನವು ಇರುತ್ತವೆ. ಒಂದು ಸುಟ್ಟರೆ ಇನ್ನೊಂದನ್ನೂ ತೆಗೆಯಿರಿ. ಕೊಳ್ಳುವ ಮೊದಲು ಕಾಲುಗಳ ಅಂತರ ಅಳೆದುಕೊಳ್ಳಿ. ಸಾಮಾನ್ಯ ಫಿಲ್ಮ್ ಕೆಪಾಸಿಟರ್ ಇಲ್ಲಿ ಸಲ್ಲದು. ಎಕ್ಸ್2 ದರ್ಜೆಯದು ಕೆಟ್ಟಾಗಲೂ ಬೆಂಕಿ ಹತ್ತದಂತೆ ಮಾಡಿದ್ದು. ವೈ ಗುರುತಿನದಕ್ಕೆ ವೈ2 ಮಾತ್ರ.

ಪ್ಲಗ್ ಕಿತ್ತ ಮೇಲೂ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. 10 ಕಿಲೋ ಓಮ್, 5 ವಾಟಿನ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ 5 ವೋಲ್ಟಿಗಿಂತ ಕೆಳಗೆ ಬಂದದ್ದು ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಪದ್ಧತಿ ಬೇಡ.

ಪ್ರಶ್ನೆ: ಅದೇ ಕಾಲದ ಮನೆ ಕಂಪ್ಯೂಟರ್ ಕಮೊಡೊರ್ 64ಕ್ಕೆ ಅದರದೇ ಮೂಲ ಅಡಾಪ್ಟರ್ ಬಳಸಬಹುದೇ?

ಉತ್ತರ: ಬೇಡ. ಎಪಾಕ್ಸಿ ತುಂಬಿದ ಆ ಇಟ್ಟಿಗೆಯೊಳಗಿನ ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟಿನ ಗೆರೆ ಇಳಿಯುವುದಿಲ್ಲ, ಏರುತ್ತದೆ. ಮೊದಲು ಸಾಯುವುದು ಮೆಮೊರಿ ಚಿಪ್ಪುಗಳು. ಪರೀಕ್ಷಿಸುವುದಾದರೂ ಖಾಲಿ ಅಳೆದರೆ ಸಾಲದು. ಪ್ಲಗ್ಗಿನ 5ನೇ ಪಿನ್ (ಧನ) ಮತ್ತು 2ನೇ ಪಿನ್ (ನೆಲ) ನಡುವೆ 5 ಓಮ್, 10 ವಾಟಿನ ರೆಸಿಸ್ಟರ್ ಕೊಟ್ಟು 1 ಆಂಪಿಯರ್ ಎಳೆಸಿ, ಅರ್ಧ ಗಂಟೆ ನೋಡಿ. ರೆಸಿಸ್ಟರ್ ಸುಡುವಷ್ಟು ಬಿಸಿಯಾಗುತ್ತದೆ, ಹೆಂಚಿನ ಮೇಲಿಡಿ. 4.75ರಿಂದ 5.25ರೊಳಗೆ ಅಲುಗದೆ ನಿಂತರೂ ಅದು ಇಂದಿನ ಮಾತಷ್ಟೇ. ಹೊಸದಾಗಿ ಮಾಡಿದ ಸಪ್ಲೈ ತೆಗೆದುಕೊಳ್ಳಿ, ಇಲ್ಲವೇ ನಡುವೆ 5.5 ವೋಲ್ಟಿನ ಒಳಗೇ ಕಡಿದುಹಾಕುವ ರಕ್ಷಣಾ ಸಾಧನ ಇರಲಿ. ಬರೀ 5 ವೋಲ್ಟಿನ ಫೋನ್ ಚಾರ್ಜರ್‌ನಿಂದ ಆಗದು. 6 ಮತ್ತು 7ನೇ ಪಿನ್ನಿಗೆ 9 ವೋಲ್ಟ್ ಎಸಿಯೂ ಬೇಕು, ಸೌಂಡ್ ಚಿಪ್ಪಿನ ಹೆಚ್ಚಿನ ವೋಲ್ಟೇಜ್ ತಯಾರಾಗುವುದು ಅದರಿಂದಲೇ.

ಪ್ರಶ್ನೆ: 1.2 ಎಂಬಿ ಡ್ರೈವಿನಲ್ಲಿ 360 ಕೆಬಿ ಫ್ಲಾಪಿಗೆ ಫೈಲ್ ಬರೆದೆ. ಬರೆದ ಯಂತ್ರದಲ್ಲಿ ಸರಿಯಾಗಿ ಓದುತ್ತದೆ, 360 ಕೆಬಿ ಡ್ರೈವಿರುವ ಹಳೆ ಎಕ್ಸ್‌ಟಿ ಪಿಸಿಯಲ್ಲಿ ಓದುವುದಿಲ್ಲ. ಎಕ್ಸ್‌ಟಿಯ ಡ್ರೈವ್ ಕೆಟ್ಟಿದೆಯೇ?

ಉತ್ತರ: ಡ್ರೈವ್ ಸರಿಯಿದೆ. 360 ಕೆಬಿ ಡ್ರೈವ್ ಬರೆಯುವ ಟ್ರ್ಯಾಕಿನ ಅಗಲ ಸುಮಾರು 0.33 ಮಿಲಿಮೀಟರ್, 1.2 ಎಂಬಿ ಡ್ರೈವಿನದು ಅದರ ಅರ್ಧ. ಎಕ್ಸ್‌ಟಿಯಲ್ಲಿ ಮೊದಲೇ ಬರೆದಿದ್ದ ಅಗಲ ಟ್ರ್ಯಾಕಿನ ನಡುವೆ ನಿಮ್ಮ ಹೊಸ ಕಿರಿದಾದ ಟ್ರ್ಯಾಕ್ ಬಿದ್ದಿದೆ, ಅಂಚಿನಲ್ಲಿ ಹಳೆಯದು ಹಾಗೇ ಉಳಿದಿದೆ. ಅಗಲ ಹೆಡ್ ಎರಡನ್ನೂ ಒಟ್ಟಿಗೆ ಓದಿ ಗಲಿಬಿಲಿಗೊಳ್ಳುತ್ತದೆ. ಎಂದೂ ಫಾರ್ಮ್ಯಾಟ್ ಆಗದ ಡಬಲ್ ಡೆನ್ಸಿಟಿ ಫ್ಲಾಪಿ, ಅಥವಾ ಅಯಸ್ಕಾಂತದ ಬಲ್ಕ್ ಇರೇಸರಿನಲ್ಲಿ ಪೂರ್ತಿ ಅಳಿಸಿದ ಫ್ಲಾಪಿ ತೆಗೆದುಕೊಂಡು, 1.2 ಎಂಬಿ ಡ್ರೈವಿನಲ್ಲೇ ಫಾರ್ಮ್ಯಾಟ್ ಆಜ್ಞೆಗೆ /4 ಸೇರಿಸಿ ಸಿದ್ಧಪಡಿಸಿ, ಅಲ್ಲೇ ಬರೆಯಿರಿ. ಎಕ್ಸ್‌ಟಿ ಸಾಮಾನ್ಯವಾಗಿ ಓದುತ್ತದೆ. ಆದರೆ ಎಕ್ಸ್‌ಟಿ ಒಮ್ಮೆ ಅದರ ಮೇಲೆ ಬರೆದರೆ ಮತ್ತೆ ಹಳೇ ಕಥೆ. ಹೈ ಡೆನ್ಸಿಟಿ ಫ್ಲಾಪಿಯನ್ನು ಎಕ್ಸ್‌ಟಿಗೆ ಹಾಕಲೇಬೇಡಿ. ಅದರ ಲೇಪಕ್ಕೆ 600 ಒಯರ್‌ಸ್ಟೆಡ್ (ಕಾಂತಬಲದ ಅಳತೆ) ಬೇಕು, 360 ಕೆಬಿಯದಕ್ಕೆ 300. ಎಕ್ಸ್‌ಟಿ ಹೆಡ್ಡಿಗೆ ಅಷ್ಟು ಶಕ್ತಿ ಇಲ್ಲ.

ಫ್ಲಾಪಿಯಲ್ಲಿರುವುದು ಬೇರೆಲ್ಲೂ ಸಿಗದ ದತ್ತಾಂಶವಾದರೆ ಸಾದಾ ಕಾಪಿ ಬೇಡ, ಗ್ರೀಸ್‌ವೀಜಲ್‌ನಂಥ ಸಾಧನದಿಂದ ಕಾಂತೀಯ ಏರಿಳಿತವನ್ನೇ ಕಚ್ಚಾ ರೂಪದಲ್ಲಿ ತೆಗೆದಿಡಿ, ಪ್ರತಿ ಟ್ರ್ಯಾಕಿಗೆ ಕನಿಷ್ಠ ಮೂರು ಸುತ್ತು. ತಿರುಗುವಾಗ ಕೀರಲು ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಲೇಪ ಕಳಚಿ ಹೆಡ್ಡಿಗೆ ಮೆತ್ತುತ್ತಿದೆ. ಹೆಡ್ ಒರೆಸದೆ ಮುಂದಿನ ಫ್ಲಾಪಿ ಹಾಕಿದರೆ ಅದನ್ನೂ ಕೆರೆದುಹಾಕುತ್ತದೆ.

ಪ್ರಶ್ನೆ: ಬಿಎನ್‌ಸಿ (ತಿರುಗಿಸಿ ಸಿಕ್ಕಿಸುವ ಕನೆಕ್ಟರ್) ಕೇಬಲ್ಲಿನ ಹಳೆ ಈಥರ್‌ನೆಟ್ಟಿಗೆ ಐದು ಯಂತ್ರ ಜೋಡಿಸಿದ್ದೇನೆ. ಒಮ್ಮೆ ಎಲ್ಲ ಕಾಣುತ್ತವೆ, ಒಮ್ಮೆ ಒಂದೂ ಇಲ್ಲ.

ಉತ್ತರ: ಎಲ್ಲ ಯಂತ್ರ ಆಫ್ ಮಾಡಿ. ಒಂದು ಟಿ ಕನೆಕ್ಟರನ್ನು ಕಾರ್ಡಿನಿಂದ ಕಳಚಿ, ಅದರ ನಡುಪಿನ್ ಮತ್ತು ಹೊರಕವಚದ ನಡುವೆ ಓಮ್ ಅಳೆಯಿರಿ. ಎರಡೂ ತುದಿಯ 50 ಓಮ್ ಟರ್ಮಿನೇಟರ್ (ತುದಿ ಮುಚ್ಚುವ ರೆಸಿಸ್ಟರ್) ಸರಿಯಿದ್ದರೆ ಸುಮಾರು 25 ಓಮ್ ಬರಬೇಕು. 50 ಬಂದರೆ ಒಂದು ತುದಿ ಇಲ್ಲ ಅಥವಾ ನಡುವೆ ಕೇಬಲ್ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್. ಅಳೆಯುತ್ತಲೇ ಪ್ರತಿ ಕನೆಕ್ಟರನ್ನು ಅಲುಗಿಸಿ, ಅಂಕಿ ಜಿಗಿದ ಜಾಗದಲ್ಲಿ ಕಳ್ಳ ಇದ್ದಾನೆ. ಹೆಚ್ಚಾಗಿ ಕ್ರಿಂಪ್ ಸಡಿಲವಾದ ನಡುಪಿನ್ನು.

25 ಬಂದೂ ತೊಂದರೆ ನಿಲ್ಲದಿದ್ದರೆ ಕೇಬಲ್ಲಿನ ಮೈಮೇಲಿನ ಬರಹ ಓದಿ. ಬೇಕಾದದ್ದು 50 ಓಮಿನ ಆರ್‌ಜಿ-58. ಟಿವಿಯ ಆರ್‌ಜಿ-59 (75 ಓಮ್) ಮತ್ತು ಆರ್ಕ್‌ನೆಟ್ ಎಂಬ ಇನ್ನೊಂದು ಹಳೆ ಜಾಲದ ಆರ್‌ಜಿ-62 (93 ಓಮ್) ನೋಡಲು ಹಾಗೇ ಇರುತ್ತವೆ, ಅದೇ ಬಿಎನ್‌ಸಿ. ನಡುವೆ ಅಂಥ ಒಂದು ತುಂಡು ಸೇರಿದರೂ ಸಂಕೇತ ಅಲ್ಲಿಂದ ಹಿಂದಕ್ಕೆ ಪುಟಿಯುತ್ತದೆ, ಮೀಟರಿಗೆ ಅದು ಕಾಣುವುದಿಲ್ಲ. ಟಿ ನೇರ ಕಾರ್ಡಿನ ಮೇಲೇ ಕೂರಬೇಕು, ಟಿಯಿಂದ ಕಾರ್ಡಿಗೆ ತುಂಡು ಕೇಬಲ್ ಎಳೆಯಬಾರದು. ಎರಡು ಟಿಗಳ ನಡುವೆ ಅರ್ಧ ಮೀಟರಾದರೂ ಇರಲಿ, ಒಟ್ಟು 185 ಮೀಟರ್ ಮತ್ತು 30 ಯಂತ್ರ ಮೀರಬಾರದು. ಕವಚವನ್ನು ನೆಲಕ್ಕೆ ಜೋಡಿಸುವುದಾದರೆ ಒಂದೇ ಕಡೆ.

ಹೊಸ ಜಾಲಕ್ಕೆ ಸೇರಿಸಲು ಬಿಎನ್‌ಸಿ ಮತ್ತು ಆರ್‌ಜೆ-45 ಎರಡೂ ಇರುವ ಹಳೆ ಹಬ್ ಸಾಕು. ಹಬ್ ಸೇರುವ ಸ್ವಿಚ್ ಪೋರ್ಟ್ 10 ಮೆಗಾಬಿಟ್ ಹಾಫ್ ಡ್ಯೂಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕು) ಒಪ್ಪಬೇಕು. 2.5 ಗಿಗಾಬಿಟ್ಟಿನ ಹೊಸ ಪೋರ್ಟುಗಳಲ್ಲಿ ಹಲವು 10ಕ್ಕೆ ಇಳಿಯುವುದೇ ಇಲ್ಲ. ನಡುವೆ ಹಳೆಯ 10/100 ಸ್ವಿಚ್ ಇಡಿ.

ಪ್ರಶ್ನೆ: ಲಿನಕ್ಸ್ ಮೇಲೆ ಸಿಮ್‌ಎಚ್ ಎಮ್ಯುಲೇಟರಿನಲ್ಲಿ (ಹಳೆ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಡೆಕ್ ಕಂಪನಿಯ ಹಳೆ ಕಂಪ್ಯೂಟರ್ ವ್ಯಾಕ್ಸ್ ಓಡಿಸುತ್ತಿದ್ದೇನೆ. ಡೆಕ್‌ನೆಟ್ (ಆ ಕಂಪನಿಯದೇ ಜಾಲ ವ್ಯವಸ್ಥೆ) ಶುರುಮಾಡಿದ ಕ್ಷಣ ಅದರ ಟಿಸಿಪಿ/ಐಪಿ ಸಂಪರ್ಕ ಕಡಿಯುತ್ತದೆ. ವೈ-ಫೈಯಲ್ಲಂತೂ ಡೆಕ್‌ನೆಟ್ ಏಳುವುದೇ ಇಲ್ಲ. ಮುಂದೆ ಬೇರೆ ಹವ್ಯಾಸಿಗಳ ಹೆಕ್‌ನೆಟ್ ಜಾಲಕ್ಕೆ ಸೇರುವ ಆಸೆ.

ಉತ್ತರ: ಎರಡು ತೊಂದರೆಗೂ ಬೇರು ಒಂದೇ. ಡೆಕ್‌ನೆಟ್ ಫೇಸ್ 4ರಲ್ಲಿ ಐಪಿಯಂತೆ ವಿಳಾಸ ಹುಡುಕುವ ಎಆರ್‌ಪಿ ಇಲ್ಲ. ಅದು ಕಾರ್ಡಿನ ಮ್ಯಾಕ್ ವಿಳಾಸವನ್ನೇ (ಜಾಲದಲ್ಲಿ ಕಾರ್ಡಿನ ಗುರುತು) ಬದಲಿಸಿ, ನೋಡ್ (ಜಾಲದ ಯಂತ್ರ) ಸಂಖ್ಯೆಯನ್ನು ಅದರೊಳಗೆ ಬರೆಯುತ್ತದೆ. ಲೆಕ್ಕ ಹೀಗೆ: ಏರಿಯಾ (ಜಾಲದ ಭಾಗ) ಸಂಖ್ಯೆಯನ್ನು 1024ರಿಂದ ಗುಣಿಸಿ ನೋಡ್ ಸಂಖ್ಯೆ ಕೂಡಿಸಿ. ವಿಳಾಸ 2.20 ಆದರೆ 2068, ಹೆಕ್ಸಾಡೆಸಿಮಲ್‌ನಲ್ಲಿ 0814. ಎರಡು ಬೈಟ್ ಅದಲು ಬದಲು ಮಾಡಿ ಎಎ-00-04-00ರ ಕೊನೆಗೆ ಸೇರಿಸಿದರೆ ಎಎ-00-04-00-14-08. ಪ್ಯಾಕೆಟ್ ಸೆರೆಹಿಡಿಯುವ ತಂತ್ರಾಂಶದಲ್ಲಿ ಈ ಮ್ಯಾಕ್ ಕಂಡರೆ ಡೆಕ್‌ನೆಟ್ ಎದ್ದಿದೆ ಎಂದೇ ಅರ್ಥ.

ಐಪಿ ಮೊದಲು ಎದ್ದು ಡೆಕ್‌ನೆಟ್ ಆಮೇಲೆ ಎದ್ದರೆ, ಉಳಿದ ಯಂತ್ರಗಳ ಎಆರ್‌ಪಿ ಪಟ್ಟಿಯಲ್ಲಿ ಹಳೆ ಮ್ಯಾಕ್ ಉಳಿದು ಐಪಿ ಕಡಿದಂತಾಗುತ್ತದೆ. ವ್ಯಾಕ್ಸಿನ ಆಪರೇಟಿಂಗ್ ಸಿಸ್ಟಂ ವಿಎಂಎಸ್‌ನ ಸ್ಟಾರ್ಟಪ್ ಕಡತದಲ್ಲಿ ಡೆಕ್‌ನೆಟ್ಟನ್ನು ಲ್ಯಾಟ್ (ಟರ್ಮಿನಲ್ ಜೋಡಿಸುವ ವ್ಯವಸ್ಥೆ) ಮತ್ತು ಟಿಸಿಪಿ/ಐಪಿಗಿಂತ ಮುಂಚೆ ಇಡಿ. ವೈ-ಫೈ ಆಕ್ಸೆಸ್ ಪಾಯಿಂಟ್ ತನಗೆ ಪರಿಚಯವಿರುವ ಮ್ಯಾಕ್ ಬಿಟ್ಟು ಬೇರೆಯದನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ತಂತಿಯೇ ಗತಿ. ಲಿನಕ್ಸನ್ನೇ ಇನ್ನೊಂದು ವರ್ಚುವಲ್ ಯಂತ್ರದೊಳಗೆ ಓಡಿಸುತ್ತಿದ್ದರೆ ಅಲ್ಲಿ ಪ್ರಾಮಿಸ್ಕ್ಯುಯಸ್ ಮೋಡ್ (ಎಲ್ಲ ಪ್ಯಾಕೆಟ್ ಒಳಗೆ ಬಿಡುವ ಸ್ಥಿತಿ) ಮತ್ತು ಮ್ಯಾಕ್ ಬದಲಾವಣೆಗೆ ಅನುಮತಿ ಕೊಡಬೇಕು. ವ್ಯಾಕ್ಸ್ ಹೊರಗಿನವರ ಜೊತೆ ಮಾತಾಡುತ್ತದೆ, ಅದನ್ನು ಓಡಿಸುವ ಲಿನಕ್ಸ್ ಜೊತೆ ಮಾತ್ರ ಇಲ್ಲ ಎಂಬುದೂ ಸಾಮಾನ್ಯ ದೂರು. ಕಾರ್ಡಿಗೆ ನೇರ ಜೋಡಿಸುವ ಬದಲು ಬ್ರಿಡ್ಜ್ ಮಾಡಿ, ಅದಕ್ಕೆ ಒಂದು ಟ್ಯಾಪ್ ಇಂಟರ್ಫೇಸ್ (ತಂತ್ರಾಂಶದಲ್ಲೇ ಇರುವ ಜಾಲ ಕಾರ್ಡ್) ಸೇರಿಸಿ ವ್ಯಾಕ್ಸನ್ನು ಟ್ಯಾಪಿಗೆ ಜೋಡಿಸಿದರೆ ಅದೂ ಸರಿಹೋಗುತ್ತದೆ. ಎರಡು ಈಥರ್‌ನೆಟ್ ಕಾರ್ಡಿರುವ ನಿಜ ಯಂತ್ರದಲ್ಲಿ ಎರಡಕ್ಕೂ ಡೆಕ್‌ನೆಟ್ ಕೊಟ್ಟರೆ ಎರಡಕ್ಕೂ ಒಂದೇ ಮ್ಯಾಕ್ ಬರುತ್ತದೆ. ಎರಡನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಬೇಡಿ.

ಹೆಕ್‌ನೆಟ್ ಸೇರುವ ಮೊದಲು ಏರಿಯಾ (1ರಿಂದ 63) ಮತ್ತು ನೋಡ್ (1ರಿಂದ 1023) ಸಂಖ್ಯೆಯನ್ನು ಆ ಜಾಲದ ನಿರ್ವಾಹಕರಿಂದ ಕೇಳಿ ಪಡೆಯಬೇಕು. ಎಲ್ಲರೂ ಮನೆಯಲ್ಲಿ 1.1 ಎಂದೇ ಶುರುಮಾಡಿರುತ್ತಾರೆ, ಹಾಗೇ ಸೇರಿಸಿದರೆ ಡಿಕ್ಕಿ ಖಚಿತ. ಡೆಕ್‌ನೆಟ್ ಐಪಿ ಅಲ್ಲದ್ದರಿಂದ ಮನೆಯ ರೂಟರ್ ಅದನ್ನು ದಾಟಿಸುವುದಿಲ್ಲ. ಫ್ರೇಮುಗಳನ್ನು ಯುಡಿಪಿಯಲ್ಲಿ ಅಥವಾ ಜಿಆರ್‌ಇ ಸುರಂಗದಲ್ಲಿ ಸುತ್ತಿ ಕಳಿಸಬೇಕು. ಲಿನಕ್ಸ್ ಕರ್ನಲ್ಲಿನ ಡೆಕ್‌ನೆಟ್ ಬೆಂಬಲವನ್ನು ನೆಚ್ಚಬೇಡಿ, 6.1ರಲ್ಲಿ ತೆಗೆದುಹಾಕಿದ್ದಾರೆ. ಕರ್ನಲ್ಲಿನ ಹಂಗಿಲ್ಲದೆ ರೂಟರ್ ಕೆಲಸ ಮಾಡುವ ಪೈಡೆಕ್‌ನೆಟ್ ಇದೆ. ಡೆಕ್‌ನೆಟ್ಟಿನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆಯೇ ಹೋಗುತ್ತದೆ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಅಂಕೆಯಿಲ್ಲದ ಡಿಫಾಲ್ಟ್ ಖಾತೆಗಳನ್ನು ಮುಚ್ಚಿ.

ಪ್ರಶ್ನೆ: ವಿಂಡೋಸ್ 98ರಲ್ಲಿ ಇಂಟರ್ನೆಟ್ ಬರುತ್ತದೆ, ಆದರೆ ಒಂದು ತಾಣವೂ ತೆರೆಯುವುದಿಲ್ಲ.

ಉತ್ತರ: ಇಂದಿನ ತಾಣಗಳು ಗೂಢಲಿಪಿ ಸಂಪರ್ಕಕ್ಕೆ ಟಿಎಲ್‌ಎಸ್ ಎಂಬ ಪದ್ಧತಿಯ 1.2 ಅಥವಾ 1.3 ಕೇಳುತ್ತವೆ, ಆ ಕಾಲದ ಬ್ರೌಸರಿಗೆ ಅದು ಗೊತ್ತಿಲ್ಲ. ರಾಸ್ಪ್‌ಬೆರಿ ಪೈ ಮೇಲೆ ಒಂದು ಪ್ರಾಕ್ಸಿ ಇಡಿ. ಪೈ ಹೊರಗಿನಿಂದ ಎಚ್‌ಟಿಟಿಪಿಎಸ್‌ನಲ್ಲಿ ತಂದು ಒಳಗೆ ಸಾದಾ ಎಚ್‌ಟಿಟಿಪಿಯಲ್ಲಿ ಕೊಡುತ್ತದೆ. ಫೈಲ್ ಸಾಗಿಸಲು ಅದೇ ಪೈ ಮೇಲೆ ಎಫ್‌ಟಿಪಿ ಸಾಕು. ಹಳೆ ಯಂತ್ರದ ಪೋರ್ಟುಗಳನ್ನು ರೂಟರಿನಿಂದ ಹೊರಗೆ ತೆರೆಯಬೇಡಿ.

ಪ್ರಶ್ನೆ: ಹಳದಿಗಟ್ಟಿದ ಪೆಟ್ಟಿಗೆ ಬಿಳಿಯಾಗುವುದೇ?

ಉತ್ತರ: 12 ಶೇಕಡದ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲಿನಲ್ಲಿ ಆಗುತ್ತದೆ. ಕ್ರೀಮ್ ಹಚ್ಚಿದರೆ ಒಣಗಿದ ಕಡೆ ಪಟ್ಟೆ ಬೀಳುವುದರಿಂದ ದ್ರಾವಣದಲ್ಲಿ ಪೂರ್ತಿ ಮುಳುಗಿಸುವುದು ಮೇಲು. ಕೈಗವಸು, ಕನ್ನಡಕ ಬೇಕೇ ಬೇಕು. ಕೆಲ ವರ್ಷಕ್ಕೆ ಹಳದಿ ಮರಳುವುದುಂಟು. ಪ್ಲಾಸ್ಟಿಕ್ ಈಗಾಗಲೇ ಬಿರುಸಾಗಿ ಕೊಕ್ಕೆಗಳು ಮುರಿಯುತ್ತಿದ್ದರೆ ಹಳದಿಯನ್ನು ಹಾಗೇ ಬಿಡಿ.